ಕೊಡೆ ಚಿತ್ರದ ಫ್ರಾಕು

ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಅದರ ಹಿಂದೆಯೇ ಒಣ ಸಿಗಡಿಯ ವಾಸನೆ ಬರುತ್ತದೆ. ಕುಮಟೆಯ ಈ ಬಾಡಿಗೆ ಮನೆಯಲ್ಲಿ ಒಣ ಮೀನು ಇಟ್ಟು ಎಷ್ಟೋ ವರ್ಷವಾಯಿತು. ಇಡೀ ದಿನ ನೈಟಿ ಹೊಲಿಯುತ್ತೇನೆ, ಸಂಜೆಯ ಹೊತ್ತಿಗೆ ಸೊಂಟ ಮರಗಟ್ಟಿರುತ್ತದೆ. ಆದರೂ ಹೊಸ ಬಟ್ಟೆಯ ತಾನು ಬಿಚ್ಚಿದ ಕೂಡಲೇ ಮಾವಿನಕುರ್ವೆಯ ನಮ್ಮ ಮನೆಯ ಜಗಲಿ ಎದುರಿಗೆ ಬಂದು ನಿಲ್ಲುತ್ತದೆ: ಒಂದು ಮೂಲೆಯಲ್ಲಿ ಅಪ್ಪನ ಹಳೇ ಬಲೆಯ ರಾಶಿ, ಇನ್ನೊಂದರಲ್ಲಿ ಆಯಿಯ ಮೀನು ಬುಟ್ಟಿ, ನಡುವೆ ಸಗಣಿ ಸಾರಿಸಿದ ನೆಲದ ಮೇಲೆ ಹಾಸಿದ ಬಟ್ಟೆ, ಅದರ ಮುಂದೆ ಕತ್ತರಿ ಹಿಡಿದು ಕೂತ ನಾನು, ನನ್ನ ಭುಜಕ್ಕೆ ಗದ್ದ ಊರಿದ ತಂಗಿ ಸುಶೀಲ. ಆ ಮನೆ ಈಗಿಲ್ಲ, ಅಪ್ಪ ಆಯಿ ಇಲ್ಲ. ಸುಶೀಲ ಹೋಗಿಯೂ ಎರಡು ಮಳೆಗಾಲ ಕಳೆಯಿತು. ಆರನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಬರೆಯುವ ರೂಢಿಯಿಲ್ಲ. ಆದರೆ ಅವಳಿಗೆ ಹೇಳಬೇಕಿದ್ದ ಒಂದು ಮಾತು ನನ್ನಲ್ಲೇ ಉಳಿದುಬಿಟ್ಟಿದೆ. ಅಂಥದ್ದೊಂದು ನಿಮ್ಮಲ್ಲೂ ಇದ್ದೀತು.

ಸುಶೀಲ ಆಗ ದೋಣಿಯಲ್ಲಿ ಹೊಳೆ ದಾಟಿ ಹೊನ್ನಾವರದ ಶಾಲೆಗೆ ಹೋಗುತ್ತಿದ್ದಳು. ಆ ವರ್ಷ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಏಳು ಹುಡುಗಿಯರ ಒಂದು ಡಾನ್ಸು, ಅದರಲ್ಲಿ ಅವಳೂ ಒಬ್ಬಳು. ಒಂದು ತಿಂಗಳು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೀರು ತರುವಾಗ ಹೆಜ್ಜೆ, ದೋಣಿಯ ಹಲಗೆಯ ಮೇಲೂ ಹೆಜ್ಜೆ. ಏಳು ಜನರ ಫ್ರಾಕೂ ಒಂದೇ ನಮೂನೆ ಇರಬೇಕು, ಚಿತ್ರ ಯಾವುದಾದರೂ ಆದೀತು ಎಂದು ಡಾನ್ಸು ಕಲಿಸುವ ಅಕ್ಕೋರು ಹೇಳಿದ್ದರಂತೆ. ಕೊಳ್ಳಲಾಗದವರು ನೋಡಿ ಹೊಲಿಸಿಕೊಳ್ಳಲಿ ಎಂದು ಅಂಗಡಿಯ ಒಂದು ಫ್ರಾಕನ್ನು ಅವಳ ಕೈಯಲ್ಲಿ ಒಂದು ದಿನದ ಮಟ್ಟಿಗೆ ಕಳಿಸಿದ್ದರು. ಗುಂಡು ಕಾಲರು, ಉಬ್ಬಿದ ತೋಳು, ಸೊಂಟಕ್ಕೆ ಒತ್ತಾದ ನೆರಿಗೆ. ಆಯಿ ಭಟ್ಕಳದ ಸಂತೆಗೆ ಹೋದವಳು ಮೂರು ಮೀಟರ್ ಬಟ್ಟೆ ತಂದಳು. ಹಾಲಿನ ಬಣ್ಣ, ಮೈತುಂಬ ಬೆರಳುದ್ದದ ಕೆಂಪು ಕೊಡೆಗಳು. ಅಂಥ ಬಟ್ಟೆಯನ್ನು ನಮ್ಮ ಮನೆ ಅದುವರೆಗೆ ಕಂಡಿರಲಿಲ್ಲ. ನನಗೆ ಆಗ ಹದಿನೇಳು. ಆಯಿಯ ಹಳೇ ಸೀರೆಯ ಗಟ್ಟಿ ಉಳಿದ ಭಾಗ ಕತ್ತರಿಸಿಯೇ ನಾನು ತೊಡುವ ರವಿಕೆ, ಅಂದರೆ ಜಂಪರ್, ಆಗುತ್ತಿತ್ತು.

ಪೇಪರ್ ಹಾಸಿ, ಅದರ ಮೇಲೆ ಅಂಗಡಿಯ ಫ್ರಾಕು ಹರಡಿ, ಇದ್ದಿಲಿನಲ್ಲಿ ಅಂಚು ಗೀಚಿದೆ. "ಅಕ್ಕ, ಇದ್ರ ಹಂಗೇ ಬೇಕು ನಂಗೆ. ಒಂದ್ ನೆರಿಗೆನೂ ಕಮ್ಮಿ ಆಗ್ಬಾರ್ದು," ಎಂದಳು ಸುಶೀಲ. "ಅತ್ಲಾಗೆ ಸರಿಯೇ ಮಾರಾಯ್ತಿ, ನಿನ್ನ ಉಸುರು ತಾಗಿ ಕತ್ತರಿ ಸೊಟ್ಟ ಹೋಗ್ತದೆ," ಎಂದೆ. ಬಟ್ಟೆಯ ಈ ತುದಿಯನ್ನು ಆ ತುದಿಯ ಕಡೆಗೆ ಮಡಚಿ, ಎದುರು ಬೆನ್ನು ಎರಡನ್ನೂ ಒಮ್ಮೆಗೇ ಕತ್ತರಿಸಿದೆ. ಹಾಗೆ ಮಡಚಿದರೆ ಅಡಿಯ ಪದರದ ಚಿತ್ರ ತಲೆಕೆಳಗಾಗುತ್ತದೆ ಎಂದು ಇವತ್ತು ನನ್ನ ಹತ್ತಿರ ಕಲಿಯಲು ಬರುವ ಹುಡುಗಿಯರಿಗೆ ಮೊದಲ ದಿನವೇ ಹೇಳುತ್ತೇನೆ. ಅವತ್ತು ನನಗೆ ಹೇಳುವವರಿರಲಿಲ್ಲ. ತುಂಡು ಬಿಡಿಸಿ ನೋಡಿದರೆ ಎದುರಿನ ಕೊಡೆಗಳೆಲ್ಲ ನೆಟ್ಟಗಿವೆ, ಬೆನ್ನಿನವು ಹಿಡಿಕೆ ಮೇಲೆ ಮಾಡಿ ಮಗುಚಿಕೊಂಡಿವೆ. ಅಲ್ಲಿಯವರೆಗಿನದು ತಪ್ಪು, ಪಾಪವಲ್ಲ. ಒಂದು ಮೀಟರ್ ಬಟ್ಟೆ ಹಾಗೇ ಉಳಿದಿತ್ತು. ಹೊಸ ಬೆನ್ನು ಅದರಲ್ಲಿ ಆಗುತ್ತಿತ್ತು. ಇಲ್ಲವಾದರೆ ನನಗೊಂದು ಜಂಪರ್ ಆಗುತ್ತಿತ್ತು, ಎರಡೂ ಅಲ್ಲ. ಬೆನ್ನು ಯಾರು ನೋಡುತ್ತಾರೆ ಎಂದುಕೊಂಡು ಆ ತುಂಡನ್ನು ಬಲೆಯ ರಾಶಿಯ ಅಡಿ ತುರುಕಿದೆ. ಪಕ್ಕದ ಮನೆಯ ಸಾವಂತ್ರಕ್ಕನ ಕೈ ಮಷಿನ್ನಿನಲ್ಲಿ ಫ್ರಾಕು ಮುಗಿಸಿದೆ. ಮೈಗೆ ಹಾಕುವ ಮೊದಲೇ ಸುಶೀಲ ಕಂಡಳು. "ಅಕ್ಕ, ಹಿಂದೆ ಕೊಡೆ ಎಲ್ಲ ಮಗುಚಿದ್ಯಲೇ?" "ಬಟ್ಟೆ ಸಾಲ್ಲಿಲ್ಲ ಸುಶಿ. ಎಂತ ಮಾಡ್ಲಿ?" ಅವಳು ಸ್ವಲ್ಪ ಹೊತ್ತು ಬೆನ್ನಿನ ಭಾಗವನ್ನು ಅಂಗೈಯಲ್ಲಿ ಸವರಿದಳು. "ಆತು ಬಿಡು," ಎಂದಳು.

ಗ್ಯಾದರಿಂಗಿನ ದಿನ ದೋಣಿಯಲ್ಲಿ ಹಿಂದೆ ಕೂತ ಮೀನಿನ ಹೆಂಗಸೊಬ್ಬಳು ಬಿಡಲಿಲ್ಲ. "ಎಂತದೇ ಹುಡ್ಗಿ, ನಿನ್ನ ಬೆನ್ನ ಬದಿ ಗಾಳಿ ಜೋರನೇ? ಕೊಡೆ ಎಲ್ಲ ಮಗುಚಿ ಹೋಗಿದೆ!" ದೋಣಿಯೆಲ್ಲ ನಕ್ಕಿತು. "ಯಾರೇ ಹೊಲ್ದದ್ದು?" ಎಂದಳು ಇನ್ನೊಬ್ಬಳು. ಸುಶೀಲ ನನ್ನ ಕಡೆ ನೋಡದೆ, "ಹೊನ್ನಾವರದ ಬದಿಯವ್ರು, ನಿಂಗೆ ಗುರ್ತಿಲ್ಲ," ಎಂದಳು. ನಾನು ನೀರು ನೋಡುತ್ತ ಕೂತೆ.

ಆ ಡಾನ್ಸಿನಲ್ಲಿ ನಡುವೆ ಏಳೂ ಹುಡುಗಿಯರು ಜನಕ್ಕೆ ಬೆನ್ನು ಮಾಡಿ ಎಂಟು ಹೆಜ್ಜೆ ಹಾಕಬೇಕಿತ್ತು. ಮನೆಯಲ್ಲಿ ಅದನ್ನು ನಾನು ನೂರು ಸಲ ನೋಡಿದ್ದೆ. ಆರು ಜನ ತಿರುಗಿದರು. ಸುಶೀಲ ತಿರುಗಲಿಲ್ಲ. ಕೈ ಸೊಂಟದ ಮೇಲಿಟ್ಟು, ನಮ್ಮ ಕಡೆ ಮುಖ ಮಾಡಿಕೊಂಡೇ, ಎಂಟೂ ಹೆಜ್ಜೆ ತಪ್ಪದೆ ಹಾಕಿದಳು. ಕೆಲವರು ನಕ್ಕರು. ಕೆಳಗಿಳಿದ ಮೇಲೆ ಅಕ್ಕೋರು ರೇಗಿದರು: "ಅಷ್ಟು ದಿನ ಕಲ್ಸಿದ್ದೆಲ್ಲ ಎಲ್ಲಿ ಹೋಯ್ತೆ?" "ಮರ್ತೋಯ್ತು ಅಕ್ಕೋರೆ," ಎಂದಳು. ಮರುವರ್ಷ ಅವಳನ್ನು ಕರೆಯಲಿಲ್ಲ, ಅವಳೂ ಕೇಳಲಿಲ್ಲ. ಮತ್ತೆ ಅವಳು ಕುಣಿದದ್ದನ್ನು ನಾನು ಕಾಣಲಿಲ್ಲ. ಬಲೆಯ ಅಡಿಯ ತುಂಡನ್ನು ತೆಗೆಯಲು ನನಗೂ ಕೈ ಬರಲಿಲ್ಲ.

ಮೂರು ವರ್ಷದ ಮೇಲೆ ನನ್ನ ಮದುವೆಯಾಗಿ ಕುಮಟೆಗೆ ಹೊರಟಾಗ ಟ್ರಂಕು ತುಂಬಿದವಳು ಅವಳೇ. ಎಲ್ಲದರ ಮೇಲೆ ತೊಳೆದು ಮಡಚಿದ ಆ ತುಂಡು ಇಟ್ಟಳು. "ಇದೊಂದು ಬಿಟ್ಟೇ ಹೊಂಟಿದ್ಯಲೇ ಅಕ್ಕ." ಯಾವಾಗ ಸಿಕ್ಕಿತು ಎಂದು ಕೇಳಿದೆ. "ಗ್ಯಾದರಿಂಗಿನ ಹಿಂದಿನ ದಿನ. ನಿಂಗೂ ಒಂದು ಹೊಸ ಜಂಪರ್ ಬೇಕಿತ್ತಲ, ಅದ್ಕೇ ಸುಮ್ನಾದೆ," ಎಂದು ಟ್ರಂಕಿನ ಮುಚ್ಚಳ ಹಾಕಿದಳು. ತಪ್ಪಾಯಿತು ಎಂದು ಆಗಲೇ ಹೇಳಬೇಕಿತ್ತು. ಆಮೇಲೆ ಎಷ್ಟು ಹಬ್ಬಕ್ಕೆ ಬಂದಳು, ಎಷ್ಟು ಸಲ ಇದೇ ಮಷಿನ್ನಿನ ಪಕ್ಕ ಕೂತು ಚಾ ಕುಡಿದಳು. ಪ್ರತಿ ಸಲ ನಾಳೆ ಹೇಳೋಣ ಎಂದುಕೊಂಡೆ. ಆ ಜಂಪರ್ ನಾನು ಹೊಲಿಯಲೇ ಇಲ್ಲ.

ಈಗ ಕೆಲಸ ಮುಗಿದು ಬೆನ್ನು ನೆಟ್ಟಗಾಗದೆ ಕೂತಿರುವಾಗ ಒಮ್ಮೊಮ್ಮೆ ಟ್ರಂಕಿನಿಂದ ಅದನ್ನು ತೆಗೆದು ಹರಡುತ್ತೇನೆ. ಗಂಜಿ ಹೋಗಿದೆ, ಕೆಂಪು ಮಾಸಿದೆ. ಡಾನ್ಸಿನ ಹಾಡು ಯಾವುದೆಂದು ಮರೆತೇ ಹೋಗಿದೆ. ನೆನಪಿರುವುದು ಆರು ಬೆನ್ನು, ಅವುಗಳ ನಡುವೆ ಒಂದು ಮುಖ. ಎಲ್ಲ ಗೊತ್ತಿದ್ದೂ, ಅಷ್ಟು ಜನರಲ್ಲಿ ಅವಳು ನನ್ನನ್ನೇ ಹುಡುಕಿ ನಕ್ಕಿದ್ದಳು.