ಕುಪ್ಪಗಡ್ಡೆ ಅಜ್ಜಿಯೂ ವೇಲ್ಸ್ ನಾಡಿನ ಕೆರೆಯವಳೂ

ಹೋದ ವರ್ಷ ದೀಪಾವಳಿ ಕಳೆದ ಮೇಲೆ, ಬಾಣಂತನ ಮುಗಿಸಿಕೊಂಡು ತವರೂರು ಉಡುತಡಿಯಿಂದ ಗಂಡನ ಮನೆ ಉಳವಿಗೆ ಮಗಳನ್ನು ಎತ್ತಿಕೊಂಡು ಬಂದಿದ್ದೆ. ಮುಂದಿನ ಸೋಮವಾರವೇ ನಾಮಕರಣವಿತ್ತು. 'ಇಂಚರ' ಎಂಬ ಹೆಸರನ್ನು ಬಸುರಿಯಾಗಿದ್ದಾಗಲೇ ಗಟ್ಟಿ ಮಾಡಿಕೊಂಡಿದ್ದೆ. ಬಂದ ದಿನವೇ ಅತ್ತೆ ಅದಕ್ಕೆ ತಣ್ಣೀರೆರಚಿದರು.

"ಅದೆಂತ ಹೆಸರೇ, ಹಕ್ಕಿಗಿಟ್ಟ ಹಾಗೆ! ನಮ್ಮ ದೊಡ್ಡಜ್ಜಿ ಹೆಸರೇ ಇಡೋದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ತಲೆ ಬಾಚಿ, ಕದ್ದು ಬೆಲ್ಲ ಕೊಟ್ಟು ಸಾಕಿದೋಳು ಅವಳು."

ದೊಡ್ಡಜ್ಜಿ ಎಂದರೆ ನನ್ನ ಮಾವನ ಅಜ್ಜಿ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕೇಳಿದೆ, "ಅವರ ಹೆಸರೇನು ಅತ್ತೆ?"

"ಕುಪ್ಪಗಡ್ಡೆ ಅಜ್ಜಿ."

"ಅದು ಅವರ ತವರೂರಲ್ವಾ? ಹೆಸರು?"

ಅತ್ತೆ ಮಾವನ ಕಡೆ ನೋಡಿದರು. ಮಾವ, "ನಾವೆಲ್ಲ ಹಂಗೇ ಕರೀತಿದ್ದದ್ದು ಕಣೇ" ಎಂದರು. ನಮ್ಮ ಮನೆಯಲ್ಲಿ ಸೊಸೆಯರನ್ನು ತವರೂರು ಹಿಡಿದು ಕರೆಯುವುದೇ ರೂಢಿ. ಅತ್ತೆ ಬಳ್ಳಿಗಾವಿಯೋಳು, ನಾನು ಉಡುತಡಿಯೋಳು. ಪೆಟ್ಟಿಗೆಯ ಹಳೇ ಪಹಣಿ ತೆಗೆದು ನೋಡಿದರೆ ಬರೀ ಗಂಡಸರ ಹೆಸರು. ನನ್ನ ಗಂಡ ಬೈಕ್ ಹತ್ತಿ ಕುಪ್ಪಗಡ್ಡೆಗೇ ಹೋಗಿ ವಿಚಾರಿಸಿದರು. ಅಲ್ಲಿಯ ಮುದುಕರು, "ಓ, ಉಳವಿಗೆ ಕೊಟ್ಟ ಅಜ್ಜಿನಾ?" ಎಂದರಂತೆ! ನನಗೆ ಒಳಗೊಳಗೇ ನಗು. ಇಂಚರ ಗೆದ್ದಳು ಅಂದುಕೊಂಡೆ. ಆದರೆ ಅತ್ತೆ ಆ ದಿನ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಪಾಪ ಅನ್ನಿಸಿತು.

ಮರುದಿನ ಮಧ್ಯಾಹ್ನ ತೊಟ್ಟಿಲು ತೂಗುತ್ತಾ ಪುಸ್ತಕ ಹಿಡಿದು ಕುಳಿತಿದ್ದೆ. ಬಾಣಂತನದಲ್ಲಿ ಬೇಜಾರಾಗದಿರಲಿ ಎಂದು ನನ್ನ ತಮ್ಮ ಶಿಕಾರಿಪುರದಿಂದ ತಂದುಕೊಟ್ಟದ್ದು. ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನ ನೂರಾರು ವರ್ಷ ಹಳೆಯ ಕಥೆಗಳು. ಅದರೊಳಗಿನ ಹೆಸರುಗಳಿಗೆ ನಾಲಿಗೆಯೇ ಹೊರಳುವುದಿಲ್ಲ. ಮನುಷ್ಯರು ಇದ್ದಕ್ಕಿದ್ದಂತೆ ಪ್ರಾಣಿಗಳಾಗುತ್ತಾರೆ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಆದರೂ ಮುಂದೇನಾಯಿತೋ ಎಂದು ಕೈ ತಾನಾಗಿ ಪುಟ ತಿರುವುತ್ತದೆ.

"ಎಂತ ಓದ್ತಿದೀಯೇ? ನಂಗೂ ಹೇಳು" ಎಂದು ಅತ್ತೆ ಹತ್ತಿ ಹಿಡಿದು ಬತ್ತಿ ಹೊಸೆಯಲು ಕುಳಿತರು.

ಹೇಳಿದೆ. ಬೆಟ್ಟದ ಕೆರೆಯಿಂದ ಒಬ್ಬ ಹೆಣ್ಣು ಎದ್ದು ಬರುತ್ತಾಳೆ. ದನ ಕಾಯುವವನೊಬ್ಬ ರೊಟ್ಟಿ ಕೊಟ್ಟು ಒಲಿಸಿಕೊಳ್ಳಲು ನೋಡುತ್ತಾನೆ. ಗಟ್ಟಿಯಾಗಿ ಸುಟ್ಟದ್ದು ಬೇಡ ಅನ್ನುತ್ತಾಳೆ, ಹಸಿ ಹಿಟ್ಟೂ ಬೇಡ ಅನ್ನುತ್ತಾಳೆ, ಅರೆಬೆಂದ ರೊಟ್ಟಿಗೆ ಒಪ್ಪಿ ಮದುವೆಯಾಗುತ್ತಾಳೆ.

"ಹೊಟ್ಟೆ ಕೆಡ್ತದಲ್ಲೇ!" ಎಂದರು ಅತ್ತೆ.

ಕಾರಣವಿಲ್ಲದೆ ಮೂರು ಸಲ ಹೊಡೆದರೆ ಹೊರಟುಹೋಗುತ್ತೇನೆ ಎಂಬುದು ಅವಳ ಕರಾರು. ಬಳುವಳಿಯಾಗಿ ದನಗಳೂ ಕೆರೆಯಿಂದಲೇ ಎದ್ದು ಬರುತ್ತವೆ. ಗಂಡುಮಕ್ಕಳಾಗಿ ದೊಡ್ಡವರಾಗುತ್ತಾರೆ. ಒಂದು ದಿನ ಗಂಡ ಸುಮ್ಮನೆ ತಟ್ಟಿದ್ದೇ ಮೂರನೆಯ ಪೆಟ್ಟಾಗಿಬಿಡುತ್ತದೆ. ಅವಳು ಚುಕ್ಕೆಯವಳು, ಬೂದುಬಣ್ಣದವಳು ಎಂದು ಒಂದೊಂದೇ ದನವನ್ನು ಹೆಸರು ಹಿಡಿದು ಕೂಗುತ್ತಾಳೆ. ಎಲ್ಲವೂ ಅವಳ ಹಿಂದೆ ಕೆರೆಗಿಳಿಯುತ್ತವೆ.

"ಅಯ್ಯೋ, ನಮ್ಮ ಹಂಗೇ ಬಣ್ಣ ನೋಡಿ ಹೆಸರಿಟ್ಟಿದಾರಲ್ಲೇ!" ಅತ್ತೆಯ ಮುಖ ಅರಳಿತು. "ದೊಡ್ಡಜ್ಜಿನೂ ಸಂಜೆ ಬೇಲಿ ಹತ್ರ ನಿಂತು ಹಿಂಗೇ ಕೂಗ್ತಿದ್ಲು. ಕೆಂದೀ, ಕಪಿಲೇ, ಬೆಳ್ಳೀ, ಚುಕ್ಕೀ..." ಕೊಟ್ಟಿಗೆಯ ಒಂದು ದನವನ್ನೂ ಬಿಡದೆ ಹೇಳಿದರು. ಆಮೇಲೆ ಕೇಳಿದರು, "ಆ ಕೆರೆಯವಳ ಹೆಸರೆಂತದೇ?"

ಪುಟ ಹಿಂದೆ ಮುಂದೆ ತಿರುವಿದೆ. ಎಲ್ಲೂ ಇರಲಿಲ್ಲ. ಓದುವಾಗ ನನಗೆ ಅದು ಹೊಳೆದೇ ಇರಲಿಲ್ಲ.

"ಬರೆದಿಲ್ಲ ಅತ್ತೆ."

"ದನಕ್ಕೆಲ್ಲ ಹೆಸರದೆ, ಅವಳಿಗೇ ಇಲ್ಲ. ಅಲ್ಲೂ ಹಿಂಗೇನಾ?" ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಷ್ಟು ವರ್ಷ ಅವಳ ಜೊತೆಗಿದ್ದೆ. ನಾನಾದ್ರೂ ಒಂದಿನ ಕೇಳಬೇಕಿತ್ತು." ಮತ್ತೆ ಹತ್ತಿ ಕೈಗೆತ್ತಿಕೊಂಡು, "ನಿನ್ನಿಷ್ಟದ್ದೇ ಇಡೇ" ಎಂದರು. ನನಗೆ ಗೆದ್ದ ಖುಷಿ ಮಾತ್ರ ಆಗಲಿಲ್ಲ.

ಸೋಮವಾರ ಅತ್ತೆಯೇ ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ "ಇಂಚರ" ಎಂದರು. ನೆಂಟರೆಲ್ಲ ಸಕ್ಕರೆ ಹಂಚುವ ಗದ್ದಲದಲ್ಲಿದ್ದಾಗ ನನ್ನ ಕಿವಿಗೂ ಬಾಗಿದರು.

"ನನ್ನ ಹೆಸರು ಗೊತ್ತೇನೇ?"

"ಪಾರ್ವತಮ್ಮ ಅಲ್ವಾ ಅತ್ತೆ?" ರೇಷನ್ ಕಾರ್ಡಿನಲ್ಲಿ ಹಾಗೇ ಇದೆ.

"ಅದು ಮದುವೆ ದಿನ ಈ ಮನೆಯವರು ಇಟ್ಟದ್ದು. ಬಳ್ಳಿಗಾವೀಲಿ ನಮ್ಮಪ್ಪ ಇಟ್ಟದ್ದು ಚೆನ್ನಕ್ಕ. ನೆನಪಿಟ್ಕೋ. ನಾನು ಹೋದ ಮೇಲೆ ಇಂಚರನ ಮಗಳಿಗೆ ಹೆಸರು ಹುಡುಕ್ತಾ ಕೂರೋದು ಬೇಡ."

ಅಷ್ಟು ಜನರೆದುರು ನಾನು ಅತ್ತೇಬಿಟ್ಟೆ. ನೆಂಟರು ಬಾಣಂತಿಗೆ ದಣಿವು ಅಂದುಕೊಂಡರು.

ಆ ಪುಸ್ತಕ ಈಗಲೂ ತೊಟ್ಟಿಲ ಪಕ್ಕದಲ್ಲೇ ಇದೆ. ಕೆರೆಯವಳಿಗೆ ಅವಳಪ್ಪ ಇಟ್ಟ ಹೆಸರು ಏನಿದ್ದೀತು, ಅವಳ ಸೊಸೆಯರಾದರೂ ಕೇಳಿದ್ದರೋ ಇಲ್ಲವೋ ಎಂಬ ಕುತೂಹಲ ನನಗಿನ್ನೂ ತೀರಿಲ್ಲ. ಮನೆಯಲ್ಲಿ ನಾವಿಬ್ಬರೇ ಇದ್ದಾಗ ಒಮ್ಮೊಮ್ಮೆ ಅಡುಗೆಮನೆಯಿಂದ "ಚೆನ್ನಕ್ಕಾ..." ಎಂದು ಕೂಗುತ್ತೇನೆ. ಅತ್ತೆ ಮೊದಲು "ಓ..." ಎನ್ನುತ್ತಾರೆ. ಆಮೇಲೆ, "ಸೊಕ್ಕು ನೋಡು ಇವಳಿಗೆ!" ಎಂದು ಬೈಯುತ್ತಾರೆ.