ಮಡಚಿಕೊಳ್ಳದ ಗಾಲಿ

ಮಾದರಿ ಯುದ್ಧವಿಮಾನದ ಎಡಗಾಲಿ ಆರನೇ ಸಲವೂ ರೆಕ್ಕೆಯೊಳಗೆ ಮಡಚಿಕೊಳ್ಳದೆ ಅರ್ಧಕ್ಕೇ ನಿಂತಿತು. ನಾಳೆ ನಾನು ಪಾಠ ಮಾಡುವ ರಾಯಚೂರಿನ ಪಾಲಿಟೆಕ್ನಿಕ್ ಮೈದಾನದಲ್ಲಿ ಅದನ್ನು ಹಾರಿಸಿ ತೋರಿಸಬೇಕು. ಗಾಲಿ ಕೂರುವ ಗುಂಡಿ ಸಾಲದೆಂದು ನಾನು ರೆಕ್ಕೆಯನ್ನೇ ಕೆರೆಯುತ್ತಿದ್ದೆ. ನಮ್ಮ ಮನೆಯ ಬಾಗಿಲು ರಿಪೇರಿಗೆ ಬಂದಿದ್ದ ಮಾನ್ವಿಯ ಬಡಿಗ ಮೌನೇಶಣ್ಣ ಉಳಿ ಕೆಳಗಿಟ್ಟು ಬಗ್ಗಿ ನೋಡಿದರು.

"ರೆಕ್ಕಿ ಯಾಕ ಕೆರಿಯಾಕತ್ತೀರಿ ಸರ? ಅದೇನು ತಪ್ಪು ಮಾಡ್ಯದ? ಕೀಲು ಸೊಟ್ಟ ಕುಂತ್ರ ಬಾಗಲಾನೂ ಹಿಂಗ ಮುನಿಸ್ಕೋತದ."

ಹಳೆಯ ಲಗ್ನಪತ್ರಿಕೆಯ ರಟ್ಟಿನ ಚೂರೊಂದನ್ನು ಗಾಲಿಯ ಕೀಲಿನಡಿ ಇಟ್ಟು, ಬಾಗಿಲಿಗೆ ಮಾಡುವಂತೆಯೇ ಸ್ಕ್ರೂ ಬಿಗಿದರು. ರಿಮೋಟ್ ಒತ್ತಿದೆ. ಗಾಲಿ ಪೂರಾ ಒಳಗೆ ಹೋಯಿತು. ಮರುದಿನ ವಿಮಾನ ಹಾರಿ, ಎರಡೂ ಗಾಲಿಯ ಮೇಲೆ ಇಳಿಯಿತು.

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಆ ಹೆಮ್ಮೆ ಈಗಲೂ ಇದೆ. ಕೀಲಿನ ಪಾಠದ ದಿನ ಮಾತ್ರ ಮೌನೇಶಣ್ಣನನ್ನು ತರಗತಿಗೆ ಕರೆಸಿ, ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.