ಎನಿಡ್ ಪ್ಯಾಶ್ಲಿಯ ಬಿಸಿಲಿನ ಪಟ್ಟಿ

ನಮ್ಮ ಕಡಲೂರು ಥಾರ್ಲ್ಸಿಯಲ್ಲಿ ಬಿಸಿಲನ್ನು ಅಳೆಯುತ್ತಿದ್ದವಳು ಎನಿಡ್ ಪ್ಯಾಶ್ಲಿ. ಪುರಸಭೆಯ ಗುಮಾಸ್ತೆ, ಒಂಟಿ ಹೆಂಗಸು, ಮಾತು ಕಡಿಮೆ. ಇಪ್ಪತ್ತೆರಡು ವರ್ಷದಿಂದ ದಿನಾ ಸಂಜೆ ಸಭಾಂಗಣದ ತಾರಸಿ ಹತ್ತಿ, ಅಲ್ಲಿದ್ದ ಗಾಜಿನ ಗುಂಡಿನ ಹಿಂದಿನ ರಟ್ಟಿನ ಪಟ್ಟಿ ಬದಲಿಸುತ್ತಿದ್ದಳು. ಬಿಸಿಲು ಗುಂಡಿನಲ್ಲಿ ಹಾದು ಪಟ್ಟಿಯ ಮೇಲೆ ಸುಟ್ಟ ಗೆರೆ ಎಳೆಯುತ್ತದೆ. ಗೆರೆ ಎಷ್ಟುದ್ದವೋ ಅಷ್ಟು ಗಂಟೆ ಬಿಸಿಲು. ಮರುದಿನ ಪತ್ರಿಕೆಯಲ್ಲಿ ಎಲ್ಲ ಕಡಲೂರುಗಳ ಗಂಟೆಗಳೂ ಅಚ್ಚಾಗುತ್ತಿದ್ದವು. ಅದನ್ನು ನೋಡಿಯೇ ಲೀಡ್ಸ್ ನಗರದ ಮಂದಿ ರಜೆಗೆ ಊರು ಆರಿಸುತ್ತಿದ್ದರು.

ನಾನು ಮೇವಿಸ್. ಏಳು ಕೋಣೆಯ ವಸತಿಗೃಹ ನನ್ನದು, ನಾನು ಹೇಳುತ್ತಿರುವ ಬೇಸಿಗೆಯಲ್ಲಿ ನಾಲ್ಕು ಆಗಲೇ ಖಾಲಿ. ಆ ಬೇಸಿಗೆಯ ಕೊನೆಯ ದಿನ, ಇಡೀ ಬೇಸಿಗೆಯ ಬಿಸಿಲಿನ ಲೆಕ್ಕದಲ್ಲಿ ಪಕ್ಕದೂರು ವೆಲ್‌ಬರಿ ನಮಗಿಂತ ಅರ್ಧ ಗಂಟೆ ಮುಂದಿತ್ತು.

"ಆ ಗುಂಡು ಹೆಂಗಿರತ್ತೆ ಅಂತ ಒಂದ್ಸಲ ತೋರ್ಸೇ, ಎನಿಡ್" ಎಂದು ಗೋಗರೆದೆ. ಕುತೂಹಲ ನಿಜವಾದದ್ದೇ, ಅದೊಂದೇ ಇರಲಿಲ್ಲ, ಅಷ್ಟೆ.

"ಯಾರನ್ನೂ ಹತ್ತಿಸ್ಬಾರ್ದು ಕಣೇ. ಹೂಂ, ಬಾ, ಬೇಗ ನೋಡಿ ಇಳಿ."

ಗುಂಡಿನೊಳಗೆ ಇಡೀ ಕಡಲತೀರ, ಮಕ್ಕಳ ಸವಾರಿಯ ಕತ್ತೆಗಳ ಸಮೇತ, ತಲೆಕೆಳಗಾಗಿ ನಿಂತಿತ್ತು. ಎನಿಡ್ ಮಳೆಯ ಅಳತೆ ನೋಡಲು ಆಚೆ ತಿರುಗಿದಳು. ನಾನು ಕೈಲಿದ್ದ ಸಿಗರೇಟಿನ ಕೆಂಡದಿಂದ ಗೆರೆಯನ್ನು ಬೆರಳಗಲ ಬೆಳೆಸಿದೆ.

ಅವಳು ಪಟ್ಟಿ ತೆಗೆದು ಮೂಗಿನ ಹತ್ತಿರ ಹಿಡಿದಳು.

"ಮೂರು ಗಂಟೆಗೆ ಬಿಸಿಲಿತ್ತಂತೆ! ಆಗ ಎಂಥಾ ಮಂಜು ಅಂದ್ರೆ, ಕತ್ತೆಯವ್ನಿಗೆ ಅವನ ಕತ್ತೇನೇ ಕಾಣ್ತಿರ್ಲಿಲ್ಲ."

ಪಟ್ಟಿಯ ಮೇಲೆ ಗಂಟೆಯ ಗುರುತುಗಳಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ, ದಡ್ಡಿ. ಅವಳು ನನ್ನ ಮುಖ ನೋಡಿದಳು, ಆಮೇಲೆ ನನ್ನ ಕೈಲಿದ್ದ ಸಿಗರೇಟು ನೋಡಿದಳು.

ವರದಿಯಲ್ಲಿ ಮಂಜು ಕವಿಯುವ ಮುಂಚಿನ ಗಂಟೆಗಳನ್ನಷ್ಟೇ ಬರೆದು, ಉಳಿದ ಸುಟ್ಟ ಗುರುತು ಬಿಸಿಲಿನದಲ್ಲ ಎಂದು ಕೆಳಗೆ ಸೇರಿಸಿದಳು. ನಾವು ಸೋತೆವು. ಸುಟ್ಟವರು ಯಾರು ಎಂದು ಪುರಸಭೆ ಕೇಳಿದಾಗ, "ಪಟ್ಟಿ ನನ್ನ ಸುಪರ್ದಿಯಲ್ಲಿತ್ತು" ಎಂದಷ್ಟೇ ಅಂದಳಂತೆ. ತಾರಸಿಯ ಕೀಲಿ ಕಿತ್ತುಕೊಂಡರು. ಅವಳೇ ಸುಟ್ಟು ಆಮೇಲೆ ಹೆದರಿದಳು ಎಂದು ಮೀನಿನಂಗಡಿಯಲ್ಲಿ ಬೆನ್ನ ಹಿಂದೆ ನಕ್ಕರು. ಅದನ್ನು ಕೇಳಿ ನಾನು ಅವಳ ಮನೆಗೇ ಹೋದೆ.

"ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಉಳಿದ ಮೂರು ಕೋಣೆಗೂ ಯಾರು ಬರ್ತಿದ್ರು?"

"ಹಂಗಾದ್ರೆ ಗೆರೇನ ಹಂಗೇ ಬಿಡ್ಬೋದಿತ್ತಲ್ಲ?"

"ಬಿಸಿಲು ಬಂದಿರ್ಲಿಲ್ವಲ್ಲ, ಮೇವಿಸ್. ಟೀ ಕುಡೀತೀಯಾ?"

ಟೀ ಮುಟ್ಟದೆ ಎದ್ದು ನೇರ ಪುರಸಭೆಗೆ ನಡೆದೆ, "ಸುಟ್ಟಿದ್ದು ನಾನು" ಎಂದೆ.

ಮರುವರ್ಷದ ಬೇಸಿಗೆಯಲ್ಲಿ ನನ್ನ ಏಳು ಕೋಣೆಯೂ ಖಾಲಿ. ಎನಿಡ್ ದಿನಾ ಸಂಜೆ ತಾರಸಿ ಹತ್ತುವುದು ಆ ಏಳು ಕಿಟಕಿಗಳಿಂದಲೂ ಕಾಣುತ್ತಿತ್ತು.